ಗ್ರಾಫಿಕ್ಸ್ ಕಾರ್ಡಿನ ಬಿಸಿ ಎಲ್ಲಿಗೆ ಹೋಗಬೇಕು?



ಬೇಸಿಗೆ ರಜೆಯ ಮಧ್ಯಾಹ್ನ ನಿಮ್ಮಲ್ಲಿ ಹಲವರು ಏನು ಮಾಡುತ್ತೀರೆಂದು ಊಹಿಸುವುದು ಕಷ್ಟವಲ್ಲ. ಊಟ ಮುಗಿಸಿ, ಕೋಣೆಯ ಬಾಗಿಲು ಮುಚ್ಚಿ, ಗಣಕಯಂತ್ರದ ಮುಂದೆ ಕೂಡುತ್ತೀರಿ. ಮೊದಲ ಹತ್ತು ನಿಮಿಷ ಆಟ ಸೊಗಸಾಗಿ ಓಡುತ್ತದೆ. ಆಮೇಲೆ ಪೆಟ್ಟಿಗೆಯೊಳಗಿನ ಫ್ಯಾನು ಹಿಟ್ಟಿನ ಗಿರಣಿಯಂತೆ ಸದ್ದು ಮಾಡತೊಡಗುತ್ತದೆ. ತೆರೆಯ ಮೇಲಿನ ಚಿತ್ರ ತಡವರಿಸುತ್ತದೆ. ಒಮ್ಮೊಮ್ಮೆ ತೆರೆ ಇದ್ದಕ್ಕಿದ್ದಂತೆ ಕಪ್ಪಾಗುತ್ತದೆ. "ಗ್ರಾಫಿಕ್ಸ್ ಕಾರ್ಡ್ ಹೋಯಿತು, ಹೊಸದು ಕೊಡಿಸಿ" ಎಂದು ಅಪ್ಪ ಅಮ್ಮನ ಮುಂದೆ ನಿಲ್ಲುವ ಮೊದಲು ಈ ಲೇಖನವನ್ನು ಒಮ್ಮೆ ಓದಿ. ಬಹಳಷ್ಟು ಸಲ ಕಾರ್ಡು ಹೋಗಿರುವುದಿಲ್ಲ. ಅದಕ್ಕೆ ಸೆಕೆಯಾಗಿರುತ್ತದೆ, ಅಷ್ಟೆ. ಆದರೆ ಆ ಸೆಕೆಯನ್ನು ವರ್ಷಗಟ್ಟಲೆ ಅಲಕ್ಷಿಸಿದರೆ ಒಂದು ದಿನ ಕಾರ್ಡು ನಿಜವಾಗಿಯೂ ಹೋಗುತ್ತದೆ. ಒಳ್ಳೆಯದೊಂದು ಕಾರ್ಡಿನ ಬೆಲೆ ಎಷ್ಟೋ ಮನೆಗಳ ತಿಂಗಳ ಸಂಬಳಕ್ಕಿಂತ ಹೆಚ್ಚು. ಅದೂ ಅಲ್ಲದೆ ಇಂದು ಅದು ಆಟದ ವಸ್ತು ಮಾತ್ರವಲ್ಲ. ಕಟ್ಟಡದ ನಕ್ಷೆ ಬಿಡಿಸುವವರಿಗೂ, ನಮ್ಮಂತೆ ಕಾರ್ಯಕ್ರಮಗಳ ಚಿತ್ರಸಂಕಲನ ಮಾಡುವವರಿಗೂ ಅದೇ ಕಾರ್ಡು ಬೇಕು.

ಮೊದಲು ಬಿಸಿ ಎಲ್ಲಿಂದ ಬರುತ್ತದೆ ಎಂಬುದನ್ನು ನೋಡೋಣ. ನಿಮ್ಮ ಮಾನಿಟರಿನ ಅಗಲದಲ್ಲಿ 1920, ಎತ್ತರದಲ್ಲಿ 1080 ಚಿತ್ರಬಿಂದುಗಳಿವೆ ಎಂದುಕೊಳ್ಳಿ. ಒಟ್ಟು 20 ಲಕ್ಷದ 73 ಸಾವಿರದ 600 ಬಿಂದುಗಳಾದವು. ನಮ್ಮ ದೂರದರ್ಶನದ ಚಿತ್ರ ಸೆಕೆಂಡಿಗೆ 25 ಚೌಕಟ್ಟುಗಳಲ್ಲಿ ತೃಪ್ತಿಪಡುತ್ತದೆ. ಆಟಕ್ಕೆ ಕನಿಷ್ಠ 60 ಬೇಕು. ಅಂದರೆ ಪ್ರತಿ ಸೆಕೆಂಡಿಗೆ 12 ಕೋಟಿಗೂ ಹೆಚ್ಚು ಬಿಂದುಗಳ ಬಣ್ಣವನ್ನು, ಬೆಳಕು ನೆರಳುಗಳ ಲೆಕ್ಕ ಹಾಕಿ, ಆಗಿಂದಾಗ ನಿರ್ಧರಿಸಬೇಕು. ಕ್ಯಾಮೆರಾಕ್ಕೆ ಈ ತಾಪತ್ರಯವಿಲ್ಲ. ಅದು ಇದ್ದದ್ದನ್ನು ನೋಡುತ್ತದೆ. ಗ್ರಾಫಿಕ್ಸ್ ಚಿಪ್ ಇಲ್ಲದ್ದನ್ನು ಕಟ್ಟಿ ತೋರಿಸಬೇಕು.

ಈ ಕೆಲಸ ಮಾಡುವುದು ಟ್ರಾನ್ಸಿಸ್ಟರುಗಳೆಂಬ ಸೂಕ್ಷ್ಮ ಸ್ವಿಚ್ಚುಗಳು. 2022ರಲ್ಲಿ ಎನ್ವಿಡಿಯಾ ಕಂಪನಿ ತಂದ ಆರ್‌ಟಿಎಕ್ಸ್ 4090 ಕಾರ್ಡಿನ ಚಿಪ್ಪಿನಲ್ಲಿ ಅಂಥ 7,630 ಕೋಟಿ ಸ್ವಿಚ್ಚುಗಳಿವೆ. ಒಂದೊಂದು ಸ್ವಿಚ್ಚು ತೆರೆದು ಮುಚ್ಚುವಾಗಲೂ ಒಂದಿಷ್ಟು ವಿದ್ಯುತ್ತು ತುಂಬಿ ಬರಿದಾಗುತ್ತದೆ, ಅದು ಶಾಖವಾಗಿ ಹೊರಬೀಳುತ್ತದೆ. ಆ ಕಾರ್ಡಿಗೆ ಗೊತ್ತುಮಾಡಿದ ವಿದ್ಯುತ್ ಮಿತಿ 450 ವ್ಯಾಟ್. 2025ರಲ್ಲಿ ಬಂದ 5090ಕ್ಕೆ 575 ವ್ಯಾಟ್. ಇದರಲ್ಲಿ ಚಿತ್ರವಾಗಿ ಹೊರಗೆ ಹೋಗುವ ಶಕ್ತಿ ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಒಳಗೆ ಹೋದ ವಿದ್ಯುತ್ತೆಲ್ಲ ಕಡೆಗೆ ಶಾಖವೇ. 1996ರಲ್ಲಿ ಬಂದ ವೂಡೂ ಕಾರ್ಡುಗಳನ್ನು ನೆನಪಿಸಿಕೊಂಡರೆ ನಗು ಬರುತ್ತದೆ. ಅವುಗಳಿಗೆ ಸಾಮಾನ್ಯವಾಗಿ ಫ್ಯಾನೇ ಇರಲಿಲ್ಲ. 2003ರ ಹೊತ್ತಿಗೆ ಬಂದ ಜಿಫೋರ್ಸ್ ಎಫ್‌ಎಕ್ಸ್ 5800 ಅಲ್ಟ್ರಾ ಎಂಬ ಕಾರ್ಡಿನ ಫ್ಯಾನು ಎಷ್ಟು ಗದ್ದಲ ಮಾಡುತ್ತಿತ್ತೆಂದರೆ, ಜನ ಅದನ್ನು ಕಸ ಹೀರುವ ಯಂತ್ರಕ್ಕೆ ಹೋಲಿಸಿದರು. ತಯಾರಕರೇ ತಮ್ಮನ್ನು ಗೇಲಿ ಮಾಡಿಕೊಂಡು ಒಂದು ವಿಡಿಯೊ ಮಾಡಿದ್ದರು!

ಈಗ ಒಂದು ಸಣ್ಣ ಲೆಕ್ಕ. ಮನೆಯ ಇಸ್ತ್ರಿಪೆಟ್ಟಿಗೆ ಸಾವಿರ ವ್ಯಾಟಿನದು, ಅದರ ತಳ ಸುಮಾರು 200 ಚದರ ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಚದರ ಸೆಂಟಿಮೀಟರಿಗೆ 5 ವ್ಯಾಟ್ ಆಯಿತು. 4090ರ ಚಿಪ್ಪಿನ ವಿಸ್ತೀರ್ಣ ಸುಮಾರು 6 ಚದರ ಸೆಂಟಿಮೀಟರ್. ಚಿಪ್ಪೊಂದರ ಪಾಲಿಗೆ 300 ವ್ಯಾಟ್ ಮಾತ್ರ ಬಂದರೂ ಚದರ ಸೆಂಟಿಮೀಟರಿಗೆ 50 ವ್ಯಾಟ್ ಆಗುತ್ತದೆ, ಇಸ್ತ್ರಿಪೆಟ್ಟಿಗೆಯ ಹತ್ತು ಪಟ್ಟು. ಇಸ್ತ್ರಿಪೆಟ್ಟಿಗೆ ಸುಡಬೇಕು, ಅದೇ ಅದರ ಕೆಲಸ. ಚಿಪ್ಪು ಮಾತ್ರ 80, 85 ಡಿಗ್ರಿ ಸೆಲ್ಸಿಯಸ್ ಒಳಗೇ ಇರಬೇಕು. ಇದಿಷ್ಟು ಅರ್ಥವಾದರೆ ಮುಂದಿನದು ಸುಲಭ. ಪ್ರಶ್ನೆ "ತಂಪು ಮಾಡುವುದು ಹೇಗೆ" ಎಂಬುದಲ್ಲ. ಅಂಚೆಚೀಟಿಯಷ್ಟು ಜಾಗದಿಂದ ಅಷ್ಟು ಶಾಖವನ್ನು ಎತ್ತಿ ಕಿಟಕಿಯಾಚೆಗೆ ಸಾಗಿಸುವುದು ಹೇಗೆ ಎಂಬುದು.

ಈ ಸಾಗಣೆಯ ಮೊದಲ ಹಂತ ಚಿಪ್ಪಿನಿಂದ ಲೋಹಕ್ಕೆ. ಎರಡು ಲೋಹದ ಮೈಗಳನ್ನು ಎಷ್ಟು ನಯ ಮಾಡಿ ಒತ್ತಿದರೂ ನಡುವೆ ಕಣ್ಣಿಗೆ ಕಾಣದ ಗುಳಿಗಳು ಉಳಿಯುತ್ತವೆ, ಅವುಗಳಲ್ಲಿ ಗಾಳಿ ತುಂಬಿರುತ್ತದೆ. ತಾಮ್ರದ ಉಷ್ಣವಾಹಕತೆ ಸುಮಾರು 400 ಆದರೆ ಗಾಳಿಯದು ಅದೇ ಮಾನದಲ್ಲಿ 0.026. ಆದ್ದರಿಂದ ಆ ಗುಳಿಗಳನ್ನು ಒಂದು ಬಗೆಯ ಲೇಪದಿಂದ ತುಂಬುತ್ತಾರೆ. ಅಂಗಡಿಯಲ್ಲಿ ಥರ್ಮಲ್ ಪೇಸ್ಟ್ ಎಂದು ಕೇಳಿದರೆ ಕೊಡುತ್ತಾರೆ. ಇದರ ವಾಹಕತೆ ತಾಮ್ರದ ಹತ್ತಿರಕ್ಕೂ ಬಾರದು. ಗಾಳಿಗಿಂತ ನೂರಾರು ಪಟ್ಟು ಮೇಲು ಎಂಬುದಷ್ಟೇ ಅದರ ಹೆಗ್ಗಳಿಕೆ. ಹೀಗಾಗಿ ಬೆಣ್ಣೆಯಂತೆ ದಪ್ಪಗೆ ಬಳಿದರೆ ಲಾಭಕ್ಕಿಂತ ನಷ್ಟವೇ ಹೆಚ್ಚು. ಕೆಲವು ವರ್ಷಗಳಲ್ಲಿ ಈ ಲೇಪ ಒಣಗುತ್ತದೆ, ಇಲ್ಲವೇ ಬಿಸಿ ತಂಪುಗಳ ಹಿಗ್ಗು ಕುಗ್ಗಿನಲ್ಲಿ ಅಂಚಿಗೆ ಸರಿಯುತ್ತದೆ. ಹಳೆಯ ಕಾರ್ಡು ಮೊದಲಿಗಿಂತ ಹತ್ತು ಹದಿನೈದು ಡಿಗ್ರಿ ಹೆಚ್ಚು ಕಾಯುತ್ತಿದ್ದು, ಧೂಳು ತೆಗೆದರೂ ಇಳಿಯದಿದ್ದರೆ ಈ ಲೇಪದ ಮೇಲೆ ಅನುಮಾನ ಪಡಬಹುದು. ಆದರೆ ವಾರಂಟಿ ಇರುವ ಕಾರ್ಡನ್ನು ಬಿಚ್ಚಬೇಡಿ. ವಾರಂಟಿ ಮುಗಿದಿದ್ದರೂ ಮೊದಲ ಸಲ ಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಲೋಹಕ್ಕೆ ಬಂದ ಶಾಖವನ್ನು ಅಲ್ಯೂಮಿನಿಯಂ ರೆಕ್ಕೆಗಳವರೆಗೆ ಒಯ್ಯುವುದು ಹೀಟ್ ಪೈಪ್ ಎಂಬ ಕೊಳವೆ. ಇಡೀ ಕಾರ್ಡಿನಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದೇ. ನೋಡಲು ಗಟ್ಟಿ ತಾಮ್ರದ ಸರಳಿನಂತಿದ್ದರೂ ಒಳಗೆ ಟೊಳ್ಳು. ಗಾಳಿ ತೆಗೆದು, ಸ್ವಲ್ಪ ನೀರು ಹಾಕಿ ಮುಚ್ಚಿರುತ್ತಾರೆ. ಒಳಗೋಡೆಗೆ ತಾಮ್ರದ ಪುಡಿಯಿಂದ ಮಾಡಿದ ಬತ್ತಿಯಂಥ ಪದರ. ಒಳಗಿನ ಒತ್ತಡ ಕಡಿಮೆಯಾದ್ದರಿಂದ ನೀರು 100 ಡಿಗ್ರಿಗೆ ಕಾಯದೆಯೇ ಆವಿಯಾಗುತ್ತದೆ. ಚಿಪ್ಪಿನ ಕಡೆ ಆವಿಯಾದ ನೀರು ತಂಪಾದ ತುದಿಗೆ ಧಾವಿಸಿ, ಅಲ್ಲಿ ಹನಿಗಟ್ಟಿ, ದೀಪದ ಬತ್ತಿ ಎಣ್ಣೆ ಹೀರುವಂತೆ ಆ ಪದರದ ಮೂಲಕ ಮತ್ತೆ ಹಿಂದಕ್ಕೆ ಬರುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,300 ಜೂಲ್ ಶಾಖ ಬೇಕು ಎಂಬುದನ್ನು ಭೌತಶಾಸ್ತ್ರದ ತರಗತಿಯಲ್ಲಿ ಓದಿದ್ದೀರಿ. ಗುಪ್ತೋಷ್ಣದ ಆ ಪಾಠವೇ ಇದು. 300 ವ್ಯಾಟ್ ಸಾಗಿಸಲು ಸೆಕೆಂಡಿಗೆ ಗ್ರಾಂನ ಏಳನೆಯ ಅಥವಾ ಎಂಟನೆಯ ಒಂದು ಪಾಲು ನೀರು ಓಡಾಡಿದರೆ ಸಾಕು. ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ 1963ರಲ್ಲಿ ಜಾರ್ಜ್ ಗ್ರೋವರ್ ಇದನ್ನು ರೂಪಿಸಿದಾಗ ಅವರ ಕಣ್ಣ ಮುಂದಿದ್ದದ್ದು ಅಂತರಿಕ್ಷಯಾನ, ಆಟದ ಗಣಕವಲ್ಲ.

ಆ ಕೆಲವೇ ಹನಿಗಳು ಎಷ್ಟು ಮುಖ್ಯ ಎಂಬುದಕ್ಕೆ ಒಂದು ನಿಜ ಸಂಗತಿ ಇದೆ. 2022ರ ಡಿಸೆಂಬರಿನಲ್ಲಿ ಎಎಂಡಿ ಕಂಪನಿಯ ರೇಡಿಯಾನ್ ಆರ್‌ಎಕ್ಸ್ 7900 ಎಕ್ಸ್‌ಟಿಎಕ್ಸ್ ಮಾರುಕಟ್ಟೆಗೆ ಬಂತು. ಕೆಲವರ ಕಾರ್ಡಿನಲ್ಲಿ ಚಿಪ್ಪಿನ ಅತಿ ಬಿಸಿ ಜಾಗ 110 ಡಿಗ್ರಿ ಮುಟ್ಟಿ, ಕಾರ್ಡು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತಿತ್ತು. ವಿಚಿತ್ರವೆಂದರೆ ಕಾರ್ಡನ್ನು ಅಡ್ಡಲಾಗಿ ಹಾಕಿದರೆ ಒಂದು ಉಷ್ಣತೆ, ನೆಟ್ಟಗೆ ನಿಲ್ಲಿಸಿದರೆ ಇನ್ನೊಂದು! ಬಳಕೆದಾರರು ತಾವೇ ಪ್ರಯೋಗ ಮಾಡಿ ಇದನ್ನು ಕಂಡುಕೊಂಡರು. ಫ್ಯಾನು ಸರಿಯಿತ್ತು, ಲೇಪ ಸರಿಯಿತ್ತು. ನಿಲ್ಲಿಸಿದ ಭಂಗಿಯಿಂದ ಉಷ್ಣತೆ ಬದಲಾಗಬೇಕಾದರೆ ಒಳಗೆ ಹರಿಯುವ ವಸ್ತುವೇನೋ ತಪ್ಪಿರಬೇಕಲ್ಲವೆ? 2023ರ ಜನವರಿಯಲ್ಲಿ ಕಂಪನಿ ಒಪ್ಪಿಕೊಂಡಿತು. ಸಣ್ಣದೊಂದು ತಂಡದ ಕಾರ್ಡುಗಳಲ್ಲಿ, ಹೀಟ್ ಪೈಪಿನ ಚಪ್ಪಟೆ ತಮ್ಮನಂತಿರುವ ಆವಿಕೋಶದೊಳಗೆ ನೀರು ಸಾಲದಾಗಿತ್ತು. ಕಾರ್ಡುಗಳನ್ನು ಬದಲಾಯಿಸಿಕೊಟ್ಟರು. ಕೇವಲ ಉಷ್ಣಮಾಪನದ ಅಂಕಿಗಳನ್ನು ಹಿಡಿದುಕೊಂಡು, ಮುಚ್ಚಿದ ತಾಮ್ರದ ಪೆಟ್ಟಿಗೆಯೊಳಗಿನ ನೀರಿನ ಕೊರತೆಯವರೆಗೆ ತಲುಪಿದ ಈ ತರ್ಕ ಯಾವ ಪತ್ತೇದಾರಿ ಕಥೆಗೂ ಕಡಿಮೆಯದಲ್ಲ.

ಇನ್ನು ಮೂರನೆಯ ಹಂತ, ರೆಕ್ಕೆಗಳಿಂದ ಗಾಳಿಗೆ. ಯಂತ್ರ 400 ವ್ಯಾಟ್ ಹೊರಹಾಕುತ್ತಿದೆ, ಪೆಟ್ಟಿಗೆಯನ್ನು ಹಾದುಹೋಗುವ ಗಾಳಿ 10 ಡಿಗ್ರಿಗಿಂತ ಹೆಚ್ಚು ಬಿಸಿಯಾಗಬಾರದು ಎಂದರೆ ಸೆಕೆಂಡಿಗೆ ಸುಮಾರು 35 ಲೀಟರ್ ಗಾಳಿ ಬೇಕಾಗುತ್ತದೆ. ಕುಡಿಯುವ ನೀರಿನ 20 ಲೀಟರ್ ಕ್ಯಾನ್ ನೋಡಿದ್ದೀರಲ್ಲ, ಪ್ರತಿ ಸೆಕೆಂಡಿಗೆ ಹತ್ತಿರ ಹತ್ತಿರ ಎರಡು ಕ್ಯಾನ್ ಗಾಳಿ ಒಳಗೆ ಬಂದು ಹೊರಗೆ ಹೋಗಬೇಕು. ಈಗ ನಿಮ್ಮ ಮನೆಯ ಕಂಪ್ಯೂಟರ್ ಟೇಬಲ್ ನೆನಪಿಸಿಕೊಳ್ಳಿ. ಪೆಟ್ಟಿಗೆ ಇಡಲೆಂದೇ ಕೆಳಗೆ ಮೂರು ಕಡೆ ಹಲಗೆ ಹೊಡೆದ ಒಂದು ಗೂಡು, ಹಿಂದೆ ಗೋಡೆ, ಮುಂದೆ ಬಾಗಿಲು! ಬಡಗಿಗೆ ಅಂದವಷ್ಟೇ ಗೊತ್ತು. ಅಲ್ಲಿ ಕಾರ್ಡು ಬಿಟ್ಟ ಬಿಸಿಯುಸಿರನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಪೆಟ್ಟಿಗೆಯನ್ನು ಆ ಗೂಡಿನಿಂದ ಹೊರಗೆ ತಂದು, ಹಿಂಬದಿಗೂ ಗೋಡೆಗೂ ಒಂದು ಗೇಣು ಬಿಡಿ. ಈ ಲೇಖನದಲ್ಲಿ ಹೇಳುವ ಉಪಾಯಗಳಲ್ಲಿ ಇದಕ್ಕೇ ಖರ್ಚಿಲ್ಲ, ಫಲವೂ ಮೊದಲು ಕಾಣುವುದು ಇದರಿಂದಲೇ.

ಗಾಳಿಯ ದಾರಿ ಸರಿಯಿದೆಯೇ ಎಂದು ಪರೀಕ್ಷಿಸಲು ಒಂದು ಸುಲಭ ಪ್ರಯೋಗ ಮಾಡಿ. ಒಂದೇ ಆಟವನ್ನು ಒಂದೇ ಕೋಣೆಯಲ್ಲಿ ಅರ್ಧ ಗಂಟೆ ಓಡಿಸಿ, ಕಾರ್ಡಿನ ಉಷ್ಣತೆ ಬರೆದುಕೊಳ್ಳಿ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಲ್ಲೇ ಅದು ಕಾಣಿಸುತ್ತದೆ. ಹೆಚ್ಚು ವಿವರ ಬೇಕಾದರೆ ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶವಿದೆ. ಆಮೇಲೆ ಯಂತ್ರ ಆರಿಸಿ, ಪಕ್ಕದ ತಗಡು ಬಿಚ್ಚಿಟ್ಟು ಅದೇ ಪ್ರಯೋಗ ಮಾಡಿ. ಉಷ್ಣತೆ ಒಂದೆರಡು ಡಿಗ್ರಿ ಇಳಿದರೆ ಪೆಟ್ಟಿಗೆಯ ತಪ್ಪಿಲ್ಲ. ಎಂಟು ಹತ್ತು ಡಿಗ್ರಿ ಇಳಿದರೆ ಪೆಟ್ಟಿಗೆ ಉಸಿರುಗಟ್ಟಿದೆ ಎಂದೇ ಅರ್ಥ. ಆಗ ಮುಂದಿನಿಂದ ಗಾಳಿ ಎಳೆಯುವ ಒಂದೆರಡು ಫ್ಯಾನು, ಹಿಂದಕ್ಕೆ ತಳ್ಳುವ ಒಂದು ಫ್ಯಾನು ಇವೆಯೇ, ಅವು ಸರಿಯಾದ ದಿಕ್ಕಿಗೆ ಕೂತಿವೆಯೇ ನೋಡಿ. ತಗಡನ್ನು ಬಿಚ್ಚಿಯೇ ಇಡುವುದು ಮಾತ್ರ ಪರಿಹಾರವಲ್ಲ. ಧೂಳು, ಹಲ್ಲಿ, ಪುಟ್ಟ ತಮ್ಮ ತಂಗಿಯರ ಬೆರಳು, ಎಲ್ಲಕ್ಕೂ ಅದು ಆಹ್ವಾನ.

ಧೂಳಿನ ವಿಚಾರ ಬಂತು. ನಮ್ಮ ಊರುಗಳ ಧೂಳು, ಪೊರಕೆಯಿಂದೆದ್ದ ಕಸ, ಬಟ್ಟೆಯ ನೂಲು, ಎಲ್ಲ ಸೇರಿ ರೆಕ್ಕೆಗಳ ನಡುವೆ ಕಂಬಳಿಯಂತೆ ಕೂರುತ್ತವೆ. ಕಂಬಳಿಯ ಕೆಲಸ ಏನೆಂದು ನಿಮಗೆ ಗೊತ್ತೇ ಇದೆ. ಎರಡು ಮೂರು ತಿಂಗಳಿಗೊಮ್ಮೆ ಯಂತ್ರ ಆರಿಸಿ, ಪ್ಲಗ್ ಕಿತ್ತು, ಮೃದುವಾದ ಬ್ರಷ್ಷಿನಿಂದ, ಸಾಧ್ಯವಾದರೆ ಕೈಯಲ್ಲಿ ಹಿಡಿಯುವ ಬ್ಲೋವರಿನಿಂದ ತೆಗೆಯಿರಿ. ಬ್ಲೋವರ್ ಊದುವಾಗ ಕಾರ್ಡಿನ ಫ್ಯಾನನ್ನು ಬೆರಳಿನಿಂದ ಹಿಡಿದುಕೊಳ್ಳಿ. ಬಿಟ್ಟರೆ ಅದು ತನ್ನ ಮಿತಿ ಮೀರಿ ತಿರುಗಿ ಬೇರಿಂಗ್ ಕೆಡುತ್ತದೆ. ತಿರುಗುವ ಮೋಟಾರು ಜನರೇಟರೂ ಹೌದಾದ್ದರಿಂದ ವಿದ್ಯುತ್ತು ಹಿಂದಕ್ಕೆ ಹರಿಯುವ ಅಪಾಯವೂ ಇದೆ. ಕಡೆಯ ಪಕ್ಷ ವರ್ಷಕ್ಕೊಮ್ಮೆ ಆಯುಧಪೂಜೆಯಂದಾದರೂ ಈ ಕೆಲಸ ಆಗಲಿ. ಸಲಕರಣೆಗಳನ್ನು ತೊಳೆದು ಒರೆಸಿ ಇಡುವ ದಿನ ತಾನೆ ಅದು? ಅರಿಶಿನ ಕುಂಕುಮವನ್ನು ಪೆಟ್ಟಿಗೆಯ ಗಟ್ಟಿ ಭಾಗಕ್ಕೆ ಹಚ್ಚಿ, ಜಾಲರಿಯ ಮೇಲೆ ಬೇಡ. ಒಳಗಿನ ಫ್ಯಾನು ಅದನ್ನು ಪ್ರಸಾದವೆಂದು ಸ್ವೀಕರಿಸಿಬಿಡುತ್ತದೆ.

ಕಡೆಯ ಹಂತ ಕೋಣೆ. ಇದನ್ನು ಮರೆಯುವವರೇ ಹೆಚ್ಚು. ಯಾವ ಫ್ಯಾನೂ ಚಿಪ್ಪನ್ನು ಕೋಣೆಗಿಂತ ತಂಪು ಮಾಡಲಾರದು. ಕೋಣೆಗಿಂತ ಎಷ್ಟು ಡಿಗ್ರಿ ಮೇಲೆ ಎಂಬುದಷ್ಟೇ ಅದರ ಕೈಯಲ್ಲಿದೆ. 25 ಡಿಗ್ರಿಯ ಕೋಣೆಯಲ್ಲಿ 70 ತೋರಿಸುವ ಕಾರ್ಡು, ಮೇ ತಿಂಗಳ ಕಲಬುರಗಿಯಲ್ಲೋ ರಾಯಚೂರಿನಲ್ಲೋ 38 ಡಿಗ್ರಿಯ ಕೋಣೆಯಲ್ಲಿ 83 ತೋರಿಸುತ್ತದೆ. ಹೊರದೇಶದ ಪತ್ರಿಕೆಗಳ ವಿಮರ್ಶೆಯಲ್ಲಿ ಓದಿದ ಅಂಕಿ ನಿಮ್ಮ ಮನೆಯಲ್ಲಿ ಬರಲಿಲ್ಲವೆಂದು ಕೊರಗಬೇಡಿ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿಯೇ ಸಮುದ್ರಮಟ್ಟಕ್ಕಿಂತ ಹತ್ತರಲ್ಲೊಂದು ಪಾಲಿನಷ್ಟು ತೆಳು, ಅಂದರೆ ಅದೇ ಫ್ಯಾನು ಅಷ್ಟು ಕಡಿಮೆ ಶಾಖ ಒಯ್ಯುತ್ತದೆ. ಅಲ್ಲಿನ ಹವೆ ತಂಪಾಗಿರುವುದರಿಂದ ಮಾತ್ರ ಯಾರಿಗೂ ಗೊತ್ತಾಗುವುದಿಲ್ಲ. ಸುಮ್ಮನೆ ಕೂತ ಮನುಷ್ಯ ಸುಮಾರು 100 ವ್ಯಾಟ್ ಶಾಖ ಬಿಡುತ್ತಾನೆ. 400 ವ್ಯಾಟಿನ ಯಂತ್ರ ನಿಮ್ಮ ಕೋಣೆಗೆ ಬಂದು ಕೂತ ನಾಲ್ಕು ಜನ ನೆಂಟರಿಗೆ ಸಮ. ಬಾಗಿಲು ಕಿಟಕಿ ಮುಚ್ಚಿಕೊಂಡು ಅವರೊಂದಿಗೆ ಮೂರು ಗಂಟೆ ಕೂತರೆ ಏನಾದೀತು? ಹಿಂದೆ ಸಾವಿರ, ಎರಡು ಸಾವಿರ ವ್ಯಾಟಿನ ದೀಪಗಳ ಕೆಳಗೆ ಸ್ಟುಡಿಯೊದಲ್ಲಿ ಬೆವರಿದ ಕಲಾವಿದರನ್ನು ಕೇಳಿದರೆ ಹೇಳುತ್ತಾರೆ.

ಇಷ್ಟು ಹೊತ್ತು ಹುಟ್ಟಿದ ಶಾಖವನ್ನು ಸಾಗಿಸುವ ಮಾತಾಯಿತು. ಶಾಖ ಹುಟ್ಟುವುದನ್ನೇ ಕಡಿಮೆ ಮಾಡಬಾರದೇಕೆ? ಇಲ್ಲಿಯೇ ವಿಜ್ಞಾನದ ವಿದ್ಯಾರ್ಥಿಗೆ ನಿಜವಾದ ಲಾಭವಿರುವುದು. ಚಿಪ್ಪು ಬಳಸುವ ವಿದ್ಯುತ್ತು ಅದರ ಆವರ್ತಾಂಕಕ್ಕೆ, ಅಂದರೆ ಸೆಕೆಂಡಿಗೆ ಎಷ್ಟು ಸಲ ಮಿಡಿಯುತ್ತದೆ ಎಂಬುದಕ್ಕೆ, ಅನುಪಾತದಲ್ಲಿರುತ್ತದೆ. ವೋಲ್ಟೇಜಿನ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ಎರಡನ್ನೂ ಶೇಕಡ 10ರಷ್ಟು ತಗ್ಗಿಸಿದರೆ 0.9ನ್ನು ಮೂರು ಸಲ ಗುಣಿಸಿ ನೋಡಿ, 0.729. ವೇಗದಲ್ಲಿ ಹತ್ತರ ಒಂದು ಪಾಲು ಬಿಟ್ಟುಕೊಟ್ಟು, ಶಾಖದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಉಳಿಸಿದಿರಿ. ತಯಾರಕರು ಪೈಪೋಟಿಗಾಗಿ ಕಾರ್ಡುಗಳನ್ನು ಕೊನೆಯ ಕೆಲವು ಚೌಕಟ್ಟುಗಳ ಆಸೆಗೆ ಬಹಳ ಮೇಲಿನ ವೋಲ್ಟೇಜಿನಲ್ಲಿ ಓಡಿಸಿ ಮಾರುತ್ತಾರೆ ಎಂಬುದು ನನ್ನ ಅಭಿಪ್ರಾಯ. ಆಫ್ಟರ್‌ಬರ್ನರ್‌ನಂಥ ತಂತ್ರಾಂಶದಲ್ಲಿ ಪವರ್ ಲಿಮಿಟ್ ಎಂಬ ಗುಂಡಿಯನ್ನು 100ರಿಂದ 80ಕ್ಕೆ ಇಳಿಸಿ ಆಡಿ ನೋಡಿ. ಸಾಮಾನ್ಯವಾಗಿ ಆಟದಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ, ಫ್ಯಾನಿನ ಸದ್ದಿನಲ್ಲಿ ಗೊತ್ತಾಗುತ್ತದೆ. ವೋಲ್ಟೇಜನ್ನೇ ಕೈಯಾರೆ ಇಳಿಸುವವರೂ ಇದ್ದಾರೆ. ಅದು ಅತಿಯಾದರೆ ಸ್ವಿಚ್ಚುಗಳು ಹೊತ್ತಿಗೆ ಸರಿಯಾಗಿ ತೆರೆಯದೆ ಆಟ ನಿಂತುಹೋಗುತ್ತದೆ. ಕಾರ್ಡು ಕೆಡುವುದಿಲ್ಲ; ಹಿಂದಿನ ಅಂಕಿಗೆ ಮರಳಿದರಾಯಿತು.

ಇನ್ನೊಂದು ಉಪಾಯ ಚೌಕಟ್ಟುಗಳಿಗೆ ಮಿತಿ ಹಾಕುವುದು. ಮಾನಿಟರ್ ಸೆಕೆಂಡಿಗೆ 60 ಚಿತ್ರ ಮಾತ್ರ ತೋರಿಸಬಲ್ಲುದಾದರೆ ಕಾರ್ಡು 200 ಬಿಡಿಸುವುದು ವ್ಯರ್ಥ ದುಡಿಮೆ. 2021ರ ಜುಲೈನಲ್ಲಿ ಅಮೆಜಾನ್ ಕಂಪನಿಯ ನ್ಯೂ ವರ್ಲ್ಡ್ ಎಂಬ ಆಟದ ಪರೀಕ್ಷಾ ಆವೃತ್ತಿ ಬಂದಾಗ ಕೆಲವರ ಆರ್‌ಟಿಎಕ್ಸ್ 3090 ಕಾರ್ಡುಗಳು ಸತ್ತವು. ಅದೂ ಯುದ್ಧದ ದೃಶ್ಯದಲ್ಲಲ್ಲ, ಶುರುವಿನ ಪಟ್ಟಿ ತೋರಿಸುವಾಗ! ಸರಳ ಚಿತ್ರಕ್ಕೆ ಮಿತಿಯಿಲ್ಲದ್ದರಿಂದ ಕಾರ್ಡು ಹುಚ್ಚುಚ್ಚಾಗಿ ಚೌಕಟ್ಟು ಬಿಡಿಸುತ್ತಿತ್ತು. ಮೂಲ ದೋಷ ಎರಡು ಡಜನ್ನಿನಷ್ಟು ಕಾರ್ಡುಗಳ ಬೆಸುಗೆಯಲ್ಲಿತ್ತೆಂದು ತಯಾರಕರಾದ ಇವಿಜಿಎ ಹೇಳಿದರು. ಆಟದವರೂ ಪಟ್ಟಿಯ ದೃಶ್ಯಕ್ಕೆ ಮಿತಿ ಹಾಕಿದರು.

ಬೆಸುಗೆಯೆಂದಾಗ ಇನ್ನೊಂದು ಮಾತು. ಕಾರ್ಡನ್ನು ಮುದಿಯಾಗಿಸುವುದು ಬರಿಯ ಬಿಸಿಯಲ್ಲ, ಬಿಸಿ ತಂಪುಗಳ ಸರದಿ. ಒಂದೇ ಉಷ್ಣತೆಗೆ ತಾಮ್ರ, ಸಿಲಿಕಾನಿಗಿಂತ ಆರು ಪಟ್ಟು ಹೆಚ್ಚು ಹಿಗ್ಗುತ್ತದೆ. ನಡುವೆ ಸಿಕ್ಕಿಬಿದ್ದ ಬೆಸುಗೆಯ ಸಣ್ಣ ಗುಂಡುಗಳು ದಿನವೂ ಆ ಎಳೆದಾಟ ತಾಳಿ ತಾಳಿ ಒಂದು ದಿನ ಬಿರುಕು ಬಿಡುತ್ತವೆ. ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ 360 ಆಟದ ಯಂತ್ರಗಳು ಕೆಂಪು ದೀಪ ತೋರಿಸಿ ಸಾಯುತ್ತಿದ್ದುದಕ್ಕೆ ಇಂಥ ಬಿರುಕೇ ಕಾರಣವೆಂದು ಆ ಕಂಪನಿಯೇ 2021ರ ತನ್ನ ಸಾಕ್ಷ್ಯಚಿತ್ರದಲ್ಲಿ ಹೇಳಿಕೊಂಡಿತು. 2007ರಲ್ಲಿ ಅದರ ದುರಸ್ತಿಗೆ 100 ಕೋಟಿ ಡಾಲರಿಗೂ ಹೆಚ್ಚು ಹಣ ತೆಗೆದಿಡಬೇಕಾಯಿತು. ಸತ್ತ ಕಾರ್ಡನ್ನು ಅಡುಗೆಯ ಒಲೆಯಲ್ಲಿ ಬೇಯಿಸಿದರೆ ಬದುಕುತ್ತದೆ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಬದುಕಿದರೂ ಕೆಲವು ದಿನ. ಆ ಹೊಗೆ ಮಾತ್ರ ಅನ್ನ ಬೇಯಿಸುವ ಜಾಗದಲ್ಲಿ ಉಳಿಯುತ್ತದೆ.

ಈಗ ಸ್ಥಿರತೆಯ ವಿಷಯ. ಎಲ್ಲ ಕಾಯಿಲೆಗೂ ಬಿಸಿಯೇ ಕಾರಣವಲ್ಲ. ಚಿತ್ರ ನಿಧಾನವಾಗಿ ತಡವರಿಸತೊಡಗಿ, ಉಷ್ಣತೆ 85, 90 ತೋರಿಸುತ್ತಿದ್ದರೆ ಅದು ಬಿಸಿ. ಉಷ್ಣತೆ 65ರಲ್ಲಿದ್ದು ಆಟ ಮಾತ್ರ ಮುಚ್ಚಿಕೊಂಡರೆ, ವೇಗ ಹೆಚ್ಚಿಸಿ ಕೂರಿಸಿದ್ದನ್ನು ಮೊದಲಿನಂತೆ ಮಾಡಿ, ಡ್ರೈವರ್ ತಂತ್ರಾಂಶ ಹೊಸದಾಗಿ ಹಾಕಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ನೋಟುಪುಸ್ತಕದಲ್ಲಿ ಬರೆದಿಡಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ. ಯಂತ್ರವೇ ಟಪ್ಪನೆ ಆರಿದರೆ ವಿದ್ಯುತ್ ಪೂರೈಕೆಯನ್ನು ನೋಡಿ. 450 ವ್ಯಾಟನ್ನು 12 ವೋಲ್ಟಿನಲ್ಲಿ ಕೊಡಬೇಕಾದರೆ 37 ಆಂಪಿಯರಿಗೂ ಹೆಚ್ಚು ವಿದ್ಯುತ್ತು ಕೆಲವೇ ಸಣ್ಣ ಸೂಜಿಗಳ ಮೂಲಕ ಹರಿಯುತ್ತದೆ. 2022ರ ಅಕ್ಟೋಬರಿನಿಂದ 4090 ಕಾರ್ಡುಗಳ ಪ್ಲಗ್ ಕರಗಿದ ಸುದ್ದಿಗಳು ಬಂದಾಗ, ಅದನ್ನು ಪೂರ್ತಿ ಒತ್ತಿ ಕೂರಿಸದಿರುವುದು ಮುಖ್ಯ ಕಾರಣವೆಂದು ಎನ್ವಿಡಿಯಾ ತಿಳಿಸಿತು. ಟಕ್ಕೆಂದು ಕೂರುವವರೆಗೆ ಒತ್ತಿ, ಪ್ಲಗ್ಗಿನ ಬುಡದಲ್ಲೇ ತಂತಿಯನ್ನು ಬಗ್ಗಿಸಬೇಡಿ.

ಕರೆಂಟು ಹೋದಾಗ ಮಾತ್ರ, ಅದೂ ಆಟ ಆಡುವಾಗ ಮಾತ್ರ, ಯುಪಿಎಸ್ ಇದ್ದರೂ ಯಂತ್ರ ಆರುತ್ತದೆ ಎಂಬ ದೂರು ನಮ್ಮಲ್ಲಿ ಸಾಮಾನ್ಯ. ಮನೆಗಳಲ್ಲಿ ಹೆಚ್ಚಾಗಿರುವುದು 600 ವಿಎ ಯುಪಿಎಸ್. ಅದು ಕೊಡಬಲ್ಲುದು ಬಹುಮಟ್ಟಿಗೆ 360 ವ್ಯಾಟ್ ಮಾತ್ರ. ಪಾಠ ಓದುವಾಗ 100 ವ್ಯಾಟ್ ಬಳಸುವ ಯಂತ್ರವನ್ನು ಅದು ಹಾಯಾಗಿ ಹೊರುತ್ತದೆ, ಆಟದ 500 ವ್ಯಾಟನ್ನು ಹೊರಲಾರದು. ಹೊಸದು ಕೊಳ್ಳುವಾಗ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾದ ವಿಎ ಅಂಕಿಯನ್ನಲ್ಲ, ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿರುವ ವ್ಯಾಟ್ ಅಂಕಿಯನ್ನು ಓದಿ.